ಮೈದಾನದಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ಸಾಲದು

ಪ್ರಶ್ನೆ: ಕೊಡವ ಕುಟುಂಬಗಳ ಹಾಕಿ ಹಬ್ಬದಿಂದ ನೆಂಟಸ್ತಿಕೆ ಗಟ್ಟಿಯಾಗಿದೆಯೇ ಎಂಬುದು ನನ್ನ ಎಂ.ಎ. ಕಿರುಪ್ರಬಂಧದ ವಿಷಯ. ಪಂದ್ಯಕ್ಕೆ ಬಂದ 200 ಜನರಿಗೆ ಪ್ರಶ್ನಾವಳಿ ಹಂಚಿದರೆ ಸಾಕೇ?
— ಸಮಾಜಶಾಸ್ತ್ರ ವಿದ್ಯಾರ್ಥಿನಿ, ಮೈಸೂರು

ಉತ್ತರ: ಸಾಲದು. ಮೈದಾನಕ್ಕೆ ಬಂದವರು ಹಬ್ಬವನ್ನು ಮೆಚ್ಚಿದವರೇ. ಅವರು ‘ಹೌದು’ ಎನ್ನುವುದರಲ್ಲಿ ಹೊಸದೇನಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮೊದಲೇ ಒಗ್ಗಟ್ಟಿದ್ದ ಒಕ್ಕಕ್ಕೆ (ಒಂದೇ ಮನೆಹೆಸರಿನ ಕೊಡವ ಮನೆತನಕ್ಕೆ) ತಂಡ ಕಟ್ಟುವುದು ಸುಲಭ. ಹಾಗಾದರೆ ಹಾಕಿಯಿಂದ ಒಗ್ಗಟ್ಟೋ, ಒಗ್ಗಟ್ಟಿನಿಂದ ಹಾಕಿಯೋ? ಇದನ್ನು ಬಿಡಿಸದೆ ಪ್ರಬಂಧ ನಿಲ್ಲುವುದಿಲ್ಲ.

ಆರು ಒಕ್ಕಗಳನ್ನು ಆರಿಸಿಕೊಳ್ಳಿ: ಮುಂದಿನ ಸುತ್ತುಗಳಿಗೆ ಹೋದ ಎರಡು, ಮೊದಲ ಪಂದ್ಯದಲ್ಲೇ ಸೋತ ಎರಡು, ಈಚೆಗೆ ತಂಡವನ್ನೇ ಇಳಿಸದ ಎರಡು. ಪ್ರತಿ ಒಕ್ಕದಲ್ಲೂ ಒಬ್ಬ ಹಿರಿಯರು, ಒಬ್ಬ ಆಟಗಾರ, ಒಬ್ಬ ಸೊಸೆ, ಹೊರಗೆ ಮದುವೆಯಾದ ಒಬ್ಬ ಮಗಳು ಇರಲಿ. ಹೆಂಗಸರೂ ಆಡುವ ಪಂದ್ಯಾವಳಿ ಇದು. ಅವರು ಯಾವ ಮನೆಯ ಪರ ಆಡಿದರು, ಯಾರು ಕರೆದರು ಎಂಬಲ್ಲೇ ಒಳ್ಳೆಯ ಮಾಹಿತಿ ಸಿಗುತ್ತದೆ.

‘ಬಾಂಧವ್ಯ ಹೆಚ್ಚಿದೆಯೇ?’ ಎಂದು ಕೇಳಬೇಡಿ. ತಂಡಕ್ಕೆ ದುಡ್ಡು ಯಾರು ಹಾಕಿದರು, ಬೆಂಗಳೂರಿನಿಂದ ಯಾರು ಬಂದರು, ಆಮೇಲೆ ಆ ಒಡನಾಟ ಮದುವೆಯಲ್ಲೋ ಜಮೀನಿನ ಮಾತುಕತೆಯಲ್ಲೋ ನೆರವಾಯಿತೇ ಎಂದು ಕೇಳಿ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಈ ಹಬ್ಬವನ್ನು ಶುರುಮಾಡುವ ಮುಂಚಿನ ದಿನಗಳನ್ನು ನೆನಪಿಟ್ಟ ಹಿರಿಯರ ಮಾತು ಹೋಲಿಕೆಗೆ ಬೇಕೇ ಬೇಕು.

ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. 24 ಸಂದರ್ಶನಗಳಿಗೆ ಆ ಲೆಕ್ಕದಲ್ಲೇ ಸಮಯ ಇಡಿ. ವ್ಯಕ್ತಿಯ ಹೆಸರು ಬದಲಿಸಿ ಮನೆಹೆಸರು ಉಳಿಸಿದರೆ ಕೊಡಗಿನಲ್ಲಿ ಗುರುತು ತಕ್ಷಣ ಸಿಕ್ಕಿಬಿಡುತ್ತದೆ. ಎರಡನ್ನೂ ಬದಲಿಸಿ, ಒಪ್ಪಿಗೆ ಪಡೆಯುವಾಗಲೇ ಅದನ್ನು ತಿಳಿಸಿ.