ಉಪ್ಪುಗಾಳಿಯ ಮನೆಗೆ ಎಸಿ, ಘಟ್ಟದ ಬಚ್ಚಲಿಗೆ ಗೀಸರ್

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯ ಮನೆಗಳವು, ಎರಡು ಘಟ್ಟದ ಮೇಲಿನವು. ಕರಾವಳಿಯವರ ದೂರಿನ ಹಿಂದೆ ಬಹುತೇಕ ಉಪ್ಪು ಮತ್ತು ತೇವ ಇವೆ. ಆದ್ದರಿಂದ ಒಬ್ಬರ ಉತ್ತರವನ್ನು ಉಳಿದವರೂ ಓದಿಕೊಳ್ಳಿ.

ಪ್ರಶ್ನೆ: ನಮ್ಮ ಮನೆ ಸಮುದ್ರದಿಂದ ಮುನ್ನೂರು ಮೀಟರ್ ದೂರ. 1.5 ಟನ್ನಿನ ಇನ್ವರ್ಟರ್ ಎಸಿ ಕೊಂಡು ಆರು ವರ್ಷವಾಯಿತು. ಮೂರು ವರ್ಷದಿಂದ ಪ್ರತಿ ಮಾರ್ಚ್‌ನಲ್ಲಿ ಗಾಳಿ ತಣ್ಣಗೆ ಬರುವುದಿಲ್ಲ. ಗ್ಯಾಸ್ ತುಂಬಿಸಿದರೆ ಸರಿಯಾಗುತ್ತದೆ, ಮುಂದಿನ ಮಾರ್ಚ್‌ಗೆ ಮತ್ತೆ ಅದೇ ಕತೆ. ವರ್ಷಕ್ಕೊಮ್ಮೆ ಗ್ಯಾಸ್ ಮುಗಿಯುವುದು ಸಹಜವೇ? ರಿಪೇರಿ ಮಾಡಿಸಬೇಕೋ, ಹೊಸದು ತರಬೇಕೋ?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಸಹಜವಲ್ಲ. ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನದರ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಒಮ್ಮೆ ದ್ರವವಾಗಿ, ಒಮ್ಮೆ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ನೀವು ಮೂರು ಸಲ ತುಂಬಿಸಿದ್ದೀರಿ, ಸೋರುವ ಜಾಗವನ್ನು ಮಾತ್ರ ಯಾರೂ ಹುಡುಕಿಲ್ಲ. ನಾಲ್ಕನೇ ಸಲ ಬರೀ ಗ್ಯಾಸಿಗೆ ದುಡ್ಡು ಕೊಡಬೇಡಿ.

ಮೊದಲು ನೀವೇ ಒಂದಿಷ್ಟು ನೋಡಬಹುದು. ಔಟ್‌ಡೋರ್ ಯೂನಿಟ್ಟಿನ ಪಕ್ಕದಲ್ಲಿ ಪೈಪು ಸೇರುವ ಕಡೆ ಎರಡು ಹಿತ್ತಾಳೆ ನಟ್ಟುಗಳಿರುತ್ತವೆ, ಫ್ಲೇರ್ ನಟ್ ಎನ್ನುತ್ತಾರೆ. ಅವುಗಳ ಸುತ್ತ ಜಿಡ್ಡು, ಜಿಡ್ಡಿನ ಮೇಲೆ ಧೂಳು ಕೂತಿದ್ದರೆ ಸೋರಿಕೆ ಅಲ್ಲೇ ಇರುವ ಸಂಭವ ಹೆಚ್ಚು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರಿದಲ್ಲಿ ಎಣ್ಣೆಯ ಗುರುತು ಉಳಿಯುತ್ತದೆ. ಆಮೇಲೆ ಔಟ್‌ಡೋರಿನ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳನ್ನು, ಅಂದರೆ ಫಿನ್‌ಗಳನ್ನು, ಮುಟ್ಟಿ ನೋಡಿ. ಬಿಳಿ ಪುಡಿಯಾಗಿ ಉದುರುತ್ತಿವೆಯೇ? ತಾಮ್ರದ ಕೊಳವೆ, ಅಲ್ಯೂಮಿನಿಯಂ ಫಿನ್, ನಡುವೆ ಉಪ್ಪುನೀರಿನ ಪಸೆ: ಈ ಮೂರು ಸೇರಿದರೆ ಬ್ಯಾಟರಿಯಂತೆ ಕೆಲಸ ಮಾಡುತ್ತವೆ, ಮೊದಲು ತಿಂದುಹೋಗುವುದು ಅಲ್ಯೂಮಿನಿಯಂ. ಫಿನ್ ಹೋದರೆ ಶಾಖ ಹೊರಗೆ ಹೋಗುವುದಿಲ್ಲ, ಕಂಪ್ರೆಸರ್ ಕಾದು ಕಾದು ದುಡಿಯುತ್ತದೆ.

ಒಳಗಿನ ಕಾಯಿಲ್, ಅಂದರೆ ಇಂಡೋರ್ ಯೂನಿಟ್ಟಿನ ತಾಮ್ರದ ಕೊಳವೆಯ ಸುರುಳಿ, ಸೋರುವುದಕ್ಕೆ ಕಾರಣ ಬೇರೆ. ಹೊಸ ಪ್ಲೈವುಡ್, ಅಂಟು, ಬಣ್ಣ, ಕೆಲವು ನೆಲ ಒರೆಸುವ ದ್ರಾವಣಗಳಿಂದ ಏಳುವ ಆಮ್ಲದ ಆವಿ ತೇವದೊಂದಿಗೆ ತಾಮ್ರದ ಮೇಲೆ ಕೂತು, ಇರುವೆಗೂಡಿನಂತೆ ಕಣ್ಣಿಗೆ ಕಾಣದ ಸುರಂಗ ಕೊರೆಯುತ್ತದೆ. ಮಲಗುವ ಕೋಣೆಗೆ ಹೊಸ ವಾರ್ಡ್‌ರೋಬ್ ಮಾಡಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಅದನ್ನು ಮೆಕ್ಯಾನಿಕ್‌ಗೆ ಹೇಳಿ.

ಪರೀಕ್ಷೆ ಹೀಗೆ ಆಗಬೇಕು. ಉಳಿದ ಗ್ಯಾಸನ್ನು ಔಟ್‌ಡೋರಿನೊಳಕ್ಕೆ ಎಳೆದು ಎರಡೂ ವಾಲ್ವ್ ಮುಚ್ಚಬೇಕು. ಇದಕ್ಕೆ ಪಂಪ್‌ಡೌನ್ ಎಂದು ಹೆಸರು. ಆಮೇಲೆ ಪೈಪು ಮತ್ತು ಇಂಡೋರ್ ಭಾಗಕ್ಕೆ ಒಣ ನೈಟ್ರೋಜನ್ ತುಂಬಬೇಕು. ಆರ್-32 ಅಥವಾ ಆರ್-410ಎ ಎಂಬ ಗ್ಯಾಸಿನ ಯಂತ್ರಕ್ಕೆ ಸುಮಾರು 350 ಪಿಎಸ್‌ಐ ಒತ್ತಡ. ಯಂತ್ರದ ನಾಮಫಲಕದಲ್ಲಿ ಬರೆದ ಮಿತಿಯನ್ನು ಎಂದೂ ಮೀರಬಾರದು. ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು, ಗೇಜಿನ ಮುಳ್ಳನ್ನು ಗುರುತು ಮಾಡಿ ಸಾಧ್ಯವಾದರೆ ಒಂದು ರಾತ್ರಿ ಬಿಡಬೇಕು. ಮುಳ್ಳು ಇಳಿಯದಿದ್ದರೆ ಕಳ್ಳ ಔಟ್‌ಡೋರಿನಲ್ಲಿದ್ದಾನೆ. ಒತ್ತಡ ಪರೀಕ್ಷೆಗೆ ಆಕ್ಸಿಜನ್ ಸಿಲಿಂಡರ್ ತಂದರೆ ಒಪ್ಪಲೇಬೇಡಿ. ಎಣ್ಣೆಯ ಜೊತೆ ಸೇರಿದರೆ ಸಿಡಿಯುತ್ತದೆ, ಪ್ರಾಣಕ್ಕೇ ಅಪಾಯ.

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪನ್ನು ಇಪ್ಪತ್ತು-ಮೂವತ್ತು ನಿಮಿಷ ಓಡಿಸಬೇಕು, ವ್ಯಾಕ್ಯೂಮ್ ಗೇಜು 500 ಮೈಕ್ರಾನಿಗೆ ಇಳಿಯಬೇಕು, ಪಂಪ್ ನಿಲ್ಲಿಸಿದ ಮೇಲೂ ಅದು ಏರಬಾರದು. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಹಾಕಿದರೆ ಸಾಕು ಎನ್ನುವವರಿದ್ದಾರೆ. ಬೇರೆಲ್ಲೂ ಅದು ಸರಿಯಲ್ಲ, ನಮ್ಮ ಕರಾವಳಿಯಲ್ಲಂತೂ ಅಲ್ಲವೇ ಅಲ್ಲ. ಇಲ್ಲಿನ ಗಾಳಿಯ ತೇವ ಕೊಳವೆಯಲ್ಲಿ ಉಳಿದರೆ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರಿನ ವೈಂಡಿಂಗ್ ಸುಡುತ್ತದೆ. ಕೊನೆಯಲ್ಲಿ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ, ನಾಮಫಲಕದಲ್ಲಿ ಬರೆದಷ್ಟೇ ಗ್ರಾಂ ತುಂಬಬೇಕು. ಆರ್-32ಕ್ಕೆ ಬೆಂಕಿ ಹಿಡಿಯುವ ಗುಣ ಅಲ್ಪಸ್ವಲ್ಪ ಇದೆ. ಕೊಳವೆಯಲ್ಲಿ ಗ್ಯಾಸ್ ಇರುವಾಗ ಬೆಸುಗೆಯ ಜ್ವಾಲೆ ಹಚ್ಚಬಾರದು, ಕಿಟಕಿ ತೆರೆದಿರಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಫ್ಲೇರ್ ನಟ್ಟಿನಲ್ಲಿ ಸೋರಿಕೆ ಇದ್ದರೆ ಪೈಪಿನ ತುದಿ ಕತ್ತರಿಸಿ, ಬಾಯಿ ಅಗಲಿಸಿ ಹೊಸ ಫ್ಲೇರ್ ಮಾಡಿದರೆ ಮುಗಿಯಿತು, ಯಂತ್ರ ಉಳಿಸಿಕೊಳ್ಳಿ. ಒಳಗಿನ ಕಾಯಿಲ್ ಮಾತ್ರ ಹೋಗಿದ್ದು ಅದೇ ಮಾದರಿಯ ಕಾಯಿಲ್ ಸಿಗುವುದಾದರೆ ಆಗಲೂ ರಿಪೇರಿ ಲೇಸು. ಔಟ್‌ಡೋರಿನ ಫಿನ್ ಮೂರರಲ್ಲೊಂದು ಪಾಲು ಉದುರಿ, ಕೊಳವೆಯೂ ತೂತಾಗಿದ್ದರೆ ತೇಪೆ ಬೆಸುಗೆಗೆ ಹೋಗಬೇಡಿ, ಪಕ್ಕದಲ್ಲೇ ಇನ್ನೊಂದು ತೂತು ಕಾಯುತ್ತಿರುತ್ತದೆ. ಹೊಸ ಕಾಯಿಲ್, ಗ್ಯಾಸ್, ಕೂಲಿ ಸೇರಿ ಹೊಸ ಎಸಿಯ ಅರ್ಧ ಬೆಲೆ ದಾಟಿದರೆ ಹೊಸದನ್ನೇ ತನ್ನಿ. ಆರ್-22 ಗ್ಯಾಸಿನ ಹಳೆಯ ಎಸಿ ಇಟ್ಟುಕೊಂಡವರು ಕಾಯಿಲ್, ಕಂಪ್ರೆಸರಿಗೆ ಹಣ ಸುರಿಯುವುದು ವ್ಯರ್ಥ. ಓಝೋನ್ ಪದರಕ್ಕೆ ಕೆಡುಕೆಂದು ಆ ಗ್ಯಾಸನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ.

ಪ್ರಶ್ನೆ: ಮಹಡಿಯ ಮೇಲಿನ 10×12 ಅಡಿ ಕೋಣೆಗೆ ಹೊಸ ಎಸಿ ಬೇಕು. ಅಂಗಡಿಯವರು 2 ಟನ್, 5 ಸ್ಟಾರ್ ಎನ್ನುತ್ತಾರೆ. ಗೋಡೆ ಚಿರೇಕಲ್ಲಿನದು. ಔಟ್‌ಡೋರ್ ಎಲ್ಲಿ ಇಡುವುದು?
— ಓದುಗರು, ಹೊನ್ನಾವರ

ಉತ್ತರ: 120 ಚದರ ಅಡಿಗೆ ಸಾಧಾರಣವಾಗಿ 1 ಟನ್ ಸಾಕು. ಮೇಲೆ ಬಿಸಿಲಿಗೆ ಕಾಯುವ ಸ್ಲ್ಯಾಬ್, ಪಶ್ಚಿಮಕ್ಕೆ ಕಿಟಕಿ ಇದ್ದರೆ 1.5 ಟನ್. 2 ಟನ್ ಬೇಡ. ದೊಡ್ಡ ಯಂತ್ರ ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ಚಳಿಚಳಿ, ಹಾಸಿಗೆ ಮಾತ್ರ ಜಿನುಗು. ನಿಧಾನವಾಗಿ ಬಹಳ ಹೊತ್ತು ಓಡುವ ಇನ್ವರ್ಟರ್ ಯಂತ್ರವೇ ನಮ್ಮ ಹವೆಗೆ ಒಳ್ಳೆಯದು.

ಸ್ಟಾರ್ ಲೇಬಲ್ಲಿನಲ್ಲಿ ಮೊದಲು ಅವಧಿಯ ವರ್ಷ ನೋಡಿ. ಅಳತೆಗೋಲನ್ನು ಆಗಾಗ ಬಿಗಿ ಮಾಡುವುದರಿಂದ ಹಳೆಯ ದಾಸ್ತಾನಿನ 5 ಸ್ಟಾರ್ ಹೊಸದಕ್ಕೆ ಸಮವಲ್ಲ. ಅದರಲ್ಲಿ ಬರೆದ ವಾರ್ಷಿಕ ಯೂನಿಟ್ 1600 ಗಂಟೆಯ ಲೆಕ್ಕ. ನೀವು ವರ್ಷಕ್ಕೆ 120 ರಾತ್ರಿ, 8 ಗಂಟೆ ಹಾಕಿದರೆ 960 ಗಂಟೆ, ಅಂದರೆ ಲೇಬಲ್ಲಿನ ಅಂಕಿಯ 0.6 ಪಾಲು. ಎರಡು ಮಾದರಿಗಳ ಲೇಬಲ್ಲಿನಲ್ಲಿ 250 ಯೂನಿಟ್ ವ್ಯತ್ಯಾಸವಿದ್ದರೆ ನಿಮಗೆ ಉಳಿಯುವುದು 150 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 900 ರೂಪಾಯಿ. ಬೆಲೆಯ ವ್ಯತ್ಯಾಸ ಇದರಿಂದ ಎಷ್ಟು ವರ್ಷದಲ್ಲಿ ಹುಟ್ಟುತ್ತದೆ ಎಂದು ಭಾಗಿಸಿ ನೋಡಿ. ಸಮುದ್ರದ ಎದುರಿಗೇ ಮನೆಯಿದ್ದರೆ ಸ್ಟಾರಿಗೆ ಹೆಚ್ಚು ಕೊಡುವ ಹಣವನ್ನು ಒಳ್ಳೆಯ ಕಾಯಿಲ್‌ಗೆ ಕೊಡುವುದು ಮೇಲು. ಒಳಗೂ ಹೊರಗೂ ತಾಮ್ರದ ಕೊಳವೆ ಇರಲಿ, ಎರಡಕ್ಕೂ ತುಕ್ಕು ತಡೆಯುವ ಲೇಪ ಇರಲಿ. ವಾರಂಟಿ ಕಾಗದ ಓದದೆ ಹಣ ಕಟ್ಟಬೇಡಿ. ‘ಹತ್ತು ವರ್ಷ’ ಎಂದು ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಕಾಯಿಲ್ ಮತ್ತು ಗ್ಯಾಸಿಗೆ ಎಷ್ಟು, ಉಪ್ಪಿನಿಂದ ಕೆಟ್ಟರೆ ಕೊಡುತ್ತಾರೋ ಇಲ್ಲವೋ, ಅದನ್ನೇ ಕೇಳಿ.

ಔಟ್‌ಡೋರನ್ನು ಪೂರ್ವದ ಅಥವಾ ಉತ್ತರದ ಗೋಡೆಗೆ ಇಡಿ, ಮನೆಯೇ ಅದಕ್ಕೆ ಮರೆಯಾಗಲಿ. ಹಿಂದೆ ಒಂದಡಿ ಜಾಗ ಬೇಕು, ಮುಂದೆ ಬಿಸಿಗಾಳಿ ಹೋಗಲು ತಡೆಯಿರಬಾರದು. ಜಾಲರಿ ಹಾಕಿದ ಬಾಲ್ಕನಿಯೊಳಗೆ ಇಟ್ಟರೆ ತಾನು ಬಿಟ್ಟ ಬಿಸಿಯನ್ನು ತಾನೇ ಎಳೆದುಕೊಳ್ಳುತ್ತದೆ.

ಚಿರೇಕಲ್ಲಿನ ಗೋಡೆ ಎಂದು ನೀವು ತಿಳಿಸಿದ್ದು ಒಳ್ಳೆಯದಾಯಿತು. ಮೆದುವಾದ, ತೂತುತೂತಾದ ಆ ಕಲ್ಲಿನಲ್ಲಿ ಉಬ್ಬಿ ಹಿಡಿಯುವ ಸಾಮಾನ್ಯ ಆ್ಯಂಕರ್ ಬೋಲ್ಟ್ ನಂಬುವಂಥದ್ದಲ್ಲ, ಯಂತ್ರದ ನಡುಕಕ್ಕೆ ದಿನದಿನಕ್ಕೆ ಸಡಿಲವಾಗುತ್ತದೆ. ಗೋಡೆಯ ಆಚೆಯಿಂದ ಈಚೆಗೆ ಪೂರ್ತಿ ಹಾಯುವ ಬೋಲ್ಟ್ ಹಾಕಿ, ಒಳಬದಿಗೆ ಅಗಲವಾದ ಪ್ಲೇಟ್ ಕೊಟ್ಟು ಬಿಗಿಸಿ. ಇಲ್ಲವೇ ನೆಲದ ಮೇಲೆ ಕಾಂಕ್ರೀಟ್ ಕಟ್ಟೆ ಮಾಡಿ ಇಡಿ. ಸ್ಟ್ಯಾಂಡ್ ಸ್ಟೇನ್‌ಲೆಸ್ ಅಥವಾ ಸತುವಿನಲ್ಲಿ ಮುಳುಗಿಸಿ ತೆಗೆದದ್ದು ಆಗಿರಲಿ. ಬಣ್ಣ ಬಳಿದ ಕಬ್ಬಿಣದ ಆ್ಯಂಗಲ್ ಕೆಲವೇ ಮಳೆಗಾಲದಲ್ಲಿ ತುಕ್ಕು ಹಿಡಿದು ಟೊಳ್ಳಾಗುತ್ತದೆ, ಕೆಳಗೆ ಓಡಾಡುವವರ ತಲೆಯ ಮೇಲೆ ಮೂವತ್ತು ಕಿಲೋ ತೂಗುತ್ತಿರುತ್ತದೆ ಎಂಬುದು ನೆನಪಿರಲಿ.

ತಿಂಗಳಿಗೊಮ್ಮೆ ಕರೆಂಟ್ ತೆಗೆದು, ಕೈತೋಟದ ಪೈಪಿನಿಂದ ಸಿಹಿನೀರನ್ನು ಮೆಲ್ಲಗೆ ಫಿನ್‌ಗಳ ಮೇಲೆ ಬಿಡಿ. ಸಜ್ಜಾದ ಕೆಳಗಿರುವ ಯಂತ್ರಕ್ಕೆ ಮಳೆನೀರೂ ತಾಗುವುದಿಲ್ಲ, ಅದಕ್ಕೆ ಇದು ಇನ್ನೂ ಮುಖ್ಯ. ಕಾರು ತೊಳೆಯುವ ಪ್ರೆಷರ್ ಪಂಪ್ ಬೇಡ, ಫಿನ್ ಮಡಚಿಕೊಳ್ಳುತ್ತದೆ. ಆಮ್ಲದ ಕ್ಲೀನರ್ ಲೇಪವನ್ನೇ ತೆಗೆಯುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ತೇವ ಕೂತು ತುಕ್ಕು ಬೆಳೆಯುತ್ತದೆ. ತಿಂಗಳಿಗೆ ಎರಡು ಸಲ ಇಪ್ಪತ್ತು ನಿಮಿಷ ಓಡಿಸಿದರೆ ಸರ್ಕ್ಯೂಟ್ ಬೋರ್ಡ್ ಒಣಗಿರುತ್ತದೆ. ಉಳಿದ ದಿನ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡಿ.

ಪ್ರಶ್ನೆ: ಇಂಡೋರ್ ಯೂನಿಟ್ಟಿನಿಂದ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆ.
— ಓದುಗರು, ಕುಮಟಾ

ಉತ್ತರ: ನಮ್ಮ ಮೇ ತಿಂಗಳ ಗಾಳಿಯಿಂದ 1.5 ಟನ್ ಎಸಿ ಗಂಟೆಗೆ ಒಂದೆರಡು ಲೀಟರ್ ನೀರು ಹಿಂಡಬಲ್ಲದು. ಅದು ಹೋಗುವ ದಾರಿ ಕಟ್ಟಿದೆ. ಡ್ರೇನ್ ಪೈಪಿನಲ್ಲಿ ಲೋಳೆಪಾಚಿ ಕಟ್ಟಿರಬಹುದು, ಪೈಪು ನಡುವೆ ಎಲ್ಲೋ ಮೇಲೆದ್ದಿರಬಹುದು, ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಹುದು. ಹೊರತುದಿಯಿಂದ ಎಳೆದು ತೆಗೆಯುವಂತೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಊದಬೇಡಿ, ಕೊಳೆ ತಟ್ಟೆಗೆ ವಾಪಸಾಗುತ್ತದೆ. ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರು ಇರಲಿ. ನೀರಿನ ಜೊತೆ ಕಾಯಿಲ್ ಮೇಲೆ ಮಂಜುಗಡ್ಡೆ ಕಂಡರೆ ಫಿಲ್ಟರ್ ತೊಳೆಯಿರಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು. ತೊಳೆದ ಮೇಲೂ ಮಂಜು ಕಟ್ಟಿದರೆ ಗ್ಯಾಸ್ ಕಡಿಮೆ, ಮೊದಲ ಉತ್ತರ ಓದಿ.

ಪ್ರಶ್ನೆ: ಇನ್ವರ್ಟರ್ ಅಲ್ಲದ ಹಳೆ ಎಸಿ. ಔಟ್‌ಡೋರ್ ಗುಂಯ್ ಎಂದು ನಿಲ್ಲುತ್ತದೆ. ಕಂಪ್ರೆಸರ್ ಹೋಗಿದೆ, ಬದಲಿಸಿ ಎನ್ನುತ್ತಾರೆ.
— ಓದುಗರು, ಅಂಕೋಲಾ

ಉತ್ತರ: ಮೊದಲು ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್ ನೋಡಲು ಹೇಳಿ. 1.5 ಟನ್ನಿಗೆ ಸಾಮಾನ್ಯವಾಗಿ 35ರಿಂದ 50 ಮೈಕ್ರೋಫ್ಯಾರಡ್ ಇರುತ್ತದೆ. ಮೀಟರಿನಲ್ಲಿ ಅಳೆದಾಗ ಅದರ ಮೇಲೆ ಬರೆದ ಅಂಕಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಿದ್ದರೂ ಬದಲಿಸಬೇಕು, ಅದೇ ಮೈಕ್ರೋಫ್ಯಾರಡ್, 440 ವೋಲ್ಟಿನದೇ ಹಾಕಬೇಕು. ನೀವಾಗಿ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಹೊಡೆಯುವಷ್ಟು ಕರೆಂಟ್ ಇರುತ್ತದೆ. ಕೆಪಾಸಿಟರ್ ಸರಿಯಿದ್ದರೆ ಕಂಪ್ರೆಸರಿನ ಕಾಮನ್, ಸ್ಟಾರ್ಟ್, ರನ್ ಎಂಬ ಮೂರು ಪಿನ್‌ಗಳ ನಡುವಿನ ಪ್ರತಿರೋಧ ಅಳೆಸಿ. ಕಾಮನ್‌ನಿಂದ ಸ್ಟಾರ್ಟ್, ಕಾಮನ್‌ನಿಂದ ರನ್, ಈ ಎರಡರ ಓಮ್ ಕೂಡಿಸಿದರೆ ಸ್ಟಾರ್ಟ್-ರನ್ ನಡುವಿನ ಓಮ್ ಬರಬೇಕು. ಯಾವ ಪಿನ್ನಿಗೂ ಕಂಪ್ರೆಸರಿನ ಮೈಗೂ ಸಂಪರ್ಕ ತೋರಬಾರದು. ಈ ಅಂಕಿಗಳನ್ನು ಬರೆದು ತೋರಿಸದೆ ಕಂಪ್ರೆಸರ್ ಬದಲಿಸಲು ಹೇಳಿದರೆ ಇನ್ನೊಬ್ಬರನ್ನು ಕರೆಯಿರಿ. ಸಂಜೆ ಹೊತ್ತು ಮಾತ್ರ ಹೀಗಾಗುತ್ತಿದ್ದರೆ ಆ ಹೊತ್ತಿನ ವೋಲ್ಟೇಜ್ ನೋಡಿ. ತೀರಾ ಇಳಿದಿದ್ದರೆ 4 ಕೆವಿಎ ಸ್ಟೆಬಿಲೈಸರ್ ಬೇಕು.

ಪ್ರಶ್ನೆ: ಬಾವಿ ನೀರು, 15 ಲೀಟರ್ ಗೀಸರ್, ನಾಲ್ಕು ವರ್ಷ. ಬೆಳಿಗ್ಗೆ ಮೊದಲ ನೀರು ಕೆಂಪಗೆ ಬರುತ್ತದೆ, ಆಗಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ಸೋಲಾರ್ ಹಾಕಿಸುವುದೇ ಒಳ್ಳೆಯದೇ? ಬಚ್ಚಲಲ್ಲಿ ಹಂಡೆ, ಒಲೆ ಇದೆ.
— ಓದುಗರು, ಶಿರಸಿ

ಉತ್ತರ: ಆರ್‌ಸಿಸಿಬಿ ಬೀಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದನ್ನು ತಪ್ಪಿಸಿ ತಂತಿ ಜೋಡಿಸಲು ಯಾರಿಗೂ ಬಿಡಬೇಡಿ. ಕಾಯಿಸುವ ಎಲಿಮೆಂಟಿನ ಹೊದಿಕೆ ಸೀಳಿ ಕರೆಂಟ್ ನೀರಿಗೆ ಇಳಿಯುತ್ತಿರುವ ಲಕ್ಷಣ ಅದು. ರಿಪೇರಿಯಾಗುವ ತನಕ ಗೀಸರ್ ಬಳಸಬೇಡಿ. 2 ಕಿಲೋವ್ಯಾಟ್ ಎಲಿಮೆಂಟ್ ಅಳೆದರೆ ಸುಮಾರು 26 ಓಮ್ ತೋರಬೇಕು. ಅದರ ಪಿನ್ನಿಗೂ ಟ್ಯಾಂಕಿನ ಮೈಗೂ ನಡುವೆ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್, ಹಿಡಿದರೆ ಮೆಗಾಓಮ್‌ಗಳಲ್ಲಿ ಇರಬೇಕು.

ಕೆಂಪು ನೀರಿಗೆ ಮೂಲ ಬಾವಿಯಲ್ಲೇ ಇರಬಹುದು. ಚಿರೇಕಲ್ಲಿನ ನೆಲದ ಬಾವಿನೀರು ಮೆದು, ಎಷ್ಟೋ ಕಡೆ ಸ್ವಲ್ಪ ಹುಳಿ ಗುಣದ್ದು. ಪಿಎಚ್ ಕಾಗದ ಅದ್ದಿ ನೋಡಿ, 6.5ಕ್ಕಿಂತ ಕೆಳಗಿದ್ದರೆ ಲೋಹ ತಿನ್ನುತ್ತದೆ. ಗೀಸರಿನೊಳಗೆ ಮೆಗ್ನೀಷಿಯಂ ರಾಡೊಂದು ಇರುತ್ತದೆ. ಟ್ಯಾಂಕಿನ ಬದಲಿಗೆ ತಾನು ಸವೆಯುವುದೇ ಅದರ ಕೆಲಸ. ಇಂಥ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ, ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಬೇಕು. ನಾಲ್ಕು ವರ್ಷ ಯಾರೂ ನೋಡಿಲ್ಲವಾದರೆ ಈಗ ತಂತಿಯಷ್ಟೇ ಉಳಿದಿರಬಹುದು. ಎಲಿಮೆಂಟ್ ಕೂರಿಸಿದ ಮುಚ್ಚಳದ (ಫ್ಲ್ಯಾಂಜ್) ಗ್ಯಾಸ್ಕೆಟ್ಟಿನಲ್ಲಿ ಸೋರಿದರೆ ಗ್ಯಾಸ್ಕೆಟ್, ಎಲಿಮೆಂಟ್, ರಾಡ್ ಮೂರನ್ನೂ ಒಟ್ಟಿಗೆ ಬದಲಿಸಿ. ಟ್ಯಾಂಕಿನ ಮೈಯೇ ಸೋರಿದರೆ ರಿಪೇರಿ ಇಲ್ಲ, ಹೊಸದಕ್ಕೆ ಗಾಜಿನ ಲೇಪದ ಟ್ಯಾಂಕ್ ಆರಿಸಿ.

ಸೋಲಾರ್ ಅಕ್ಟೋಬರಿನಿಂದ ಮೇ ತನಕ ಚೆನ್ನಾಗಿ ನಡೆಯುತ್ತದೆ. ಶಿರಸಿಯ ಮಳೆಗಾಲದಲ್ಲಿ ಅದನ್ನು ನೆಚ್ಚುವಂತಿಲ್ಲ, ಹಂಡೆಯನ್ನು ಉಳಿಸಿಕೊಳ್ಳಿ. ಹಾಕಿಸುವ ಮೊದಲು ಡಿಸೆಂಬರಿನಲ್ಲಿ ಮಾಡಿನ ಮೇಲೆ ತೋಟದ ನೆರಳು ನೋಡಿ. ಆಗ ನಡುಹಗಲಿನ ಸೂರ್ಯ ನೆತ್ತಿಯಿಂದ ಸುಮಾರು 38 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಅಡಿಕೆ ಮರಗಳ ನೆರಳು ಉದ್ದವಾಗಿ ಬೀಳುತ್ತದೆ. ಗಾಜಿನ ಟ್ಯೂಬಿನ ಸೋಲಾರ್ ಖಾಲಿಯಾದರೆ ಬಿಸಿಲೇರಿದ ಮೇಲೆ ನೀರು ಬಿಡಬೇಡಿ, ಕಾದ ಟ್ಯೂಬ್ ತಣ್ಣೀರು ತಾಗಿ ಒಡೆಯುತ್ತದೆ. ಬೆಳಗಿನ ಜಾವ ತುಂಬಿಸಿ.

ಪ್ರಶ್ನೆ: ಚಳಿಗಾಲಕ್ಕೆಂದು ಬಿಸಿಗಾಳಿಯೂ ಬರುವ ‘ಹಾಟ್ ಆ್ಯಂಡ್ ಕೋಲ್ಡ್’ ಎಸಿ ತರಬಹುದೇ?
— ಓದುಗರು, ಯಲ್ಲಾಪುರ

ಉತ್ತರ: ನಮ್ಮಲ್ಲಿ ಚಳಿ ಕೆಲವು ವಾರಗಳದ್ದು, ಅದಕ್ಕಾಗಿ ಹೆಚ್ಚು ಬೆಲೆ ಕೊಡಬೇಕಿಲ್ಲ. ಹಾಸಿಗೆ ಹಿಡಿದ ವೃದ್ಧರೋ ಬಾಣಂತಿಯೋ ಇರುವ ಕೋಣೆಗಾದರೆ ತನ್ನಿ. ಅದೇ ಶಾಖಕ್ಕೆ ಕಾಯಿಲ್ ಹೀಟರಿನ ಮೂರನೇ ಒಂದು ಪಾಲಿನಷ್ಟು ಕರೆಂಟ್ ಸಾಕು. ಇಲ್ಲವಾದರೆ ಸಾದಾ ಇನ್ವರ್ಟರ್ ಎಸಿಯಲ್ಲಿ ಗಾಳಿಯ ತೇವ ತೆಗೆಯುವ ಡ್ರೈ ಮೋಡ್ ನೋಡಿಕೊಳ್ಳಿ. ಜುಲೈನಲ್ಲಿ ಕಿಟಕಿ-ಬಾಗಿಲು ಮುಚ್ಚಿ ದಿನಕ್ಕೆ ಎರಡು ಗಂಟೆ ಓಡಿಸಿದರೆ ಕಪಾಟಿನ ರೇಷ್ಮೆ ಸೀರೆ, ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಕಪಾಟಿನ ಬಾಗಿಲು ತೆರೆದಿಡಿ.