ಸಂಪಾದಕರ ಉತ್ತರ: ಮೆಷಿನ್ ಪಕ್ಕದ ಬುಟ್ಟಿ

ಮಂಡ್ಯದ ಗುತ್ತಲಿನಿಂದ ಓದುಗರೊಬ್ಬರು ಬರೆದಿದ್ದಾರೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಯಜಮಾನರದು ಗೂಡ್ಸ್ ಆಟೊ. ಬಾಡಿಗೆ, ಸಂಘದ ಕಂತು, ಇಬ್ಬರು ಮಕ್ಕಳ ಫೀಸು ಕಳೆದರೆ ತಿಂಗಳ ಕೊನೆಗೆ ಕೈ ಖಾಲಿ. ಆಶ್ರಮವೊಂದಕ್ಕೆ ತಪ್ಪದೆ ಕಳಿಸುತ್ತಿದ್ದ ನೂರು ರೂಪಾಯಿ ಮೂರು ತಿಂಗಳಿಂದ ನಿಂತಿದೆ. ಆ ಕೊರಗಿನಲ್ಲಿರುವಾಗಲೇ ‘ಮಗುವಿನ ಆಪರೇಷನ್ ಇದೆ, ಈಗಲೇ ಹಾಕಿ’ ಎಂದು ಯಾರೋ ಫೋನ್ ಮಾಡಿದ್ದಾರೆ; ಇವರು ಪಕ್ಕದ ಮನೆಯಲ್ಲಿ ಐನೂರು ಕೈಸಾಲ ಮಾಡಿ ಕಳಿಸಿದ್ದಾರೆ. “ನಮ್ಮವ್ವ ಅಷ್ಟು ಬಡತನದಲ್ಲೂ ಹಿಡಿ ಅಕ್ಕಿ ತೆಗೆದಿಡ್ತಿದ್ದಳು. ನನ್ನ ಕೈಲಿ ಆಗ್ತಿಲ್ಲ. ಕೊಡದೆ ಇದ್ರೆ ತಪ್ಪಾ ಸರ್?” ಎಂದು ಕೇಳಿದ್ದಾರೆ.

ತಂಗಿ, ಕೊಡದಿದ್ದರೆ ತಪ್ಪಿಲ್ಲ. ಆದರೆ ಆ ಕೈಸಾಲ ಮಾಡಬಾರದಿತ್ತು. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೂ ಗೊತ್ತಿರುತ್ತದೆ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವನು ಹೆಚ್ಚಿಗೆ ತಂದಾಗ ಅವಳು ಒಲೆ ಹಚ್ಚಲಿಲ್ಲ, ಸುರಿದು ಬಾ ಎಂದು ವಾಪಸ್ ಕಳಿಸಿದಳು. ಅವತ್ತಿನ ಕಾಯಕದ ಅಳತೆ ಮೀರಿದ್ದು ದಾಸೋಹಕ್ಕೂ ಬೇಡವೆಂದವಳು ಅವಳು. ಸಾಲದ ದುಡ್ಡು ಅದಕ್ಕಿಂತ ದೂರದ್ದು. ಇನ್ನು ಮುಂದೆ ಅಂಥ ಫೋನ್ ಬಂದರೆ ಸಂಸ್ಥೆಯ ಹೆಸರು, ವಿಳಾಸ ಕೇಳಿ ಇಟ್ಟುಬಿಡಿ. ಮೋಸವಾಯಿತು ಅನ್ನಿಸಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಮ್ಮ ಪತ್ರ ಓದಿದ ಸಂಜೆ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಒಂದು ಹಿಡಿ ಅಕ್ಕಿ ತೂಗಿಸಿದೆ. 40 ಗ್ರಾಂ ಬಂತು. ದಿನಕ್ಕೊಂದು ಹಿಡಿಯಾದರೆ ತಿಂಗಳಿಗೆ 1.2 ಕಿಲೊ. ಅಷ್ಟು ಅಕ್ಕಿ ಅನ್ನವಾದರೆ ಹತ್ತು ಜನ ಕೂತು ಉಣ್ಣಬಹುದು. ನಿಮ್ಮವ್ವ ಅದನ್ನು ಅಕ್ಕಿ ತೊಳೆಯುವ ಮೊದಲೇ ತೆಗೆದಿಡುತ್ತಿದ್ದರು, ನೋಡಿ. ಉಂಡು ಉಳಿದರೆ ನೋಡೋಣ ಅಂದಿದ್ದರೆ ಆ ಮಡಕೆ ಎಂದೂ ತುಂಬುತ್ತಿರಲಿಲ್ಲ. ದಿನಾ ಅವರ ಕೈಯಲ್ಲಿ ಆಡುತ್ತಿದ್ದುದು ಅಕ್ಕಿ, ಹಾಗಾಗಿ ಅಕ್ಕಿ ತೆಗೆದಿಟ್ಟರು. ನಿಮ್ಮ ಕೈಯಲ್ಲಿ ದಿನಾ ಆಡುವುದು ಬಟ್ಟೆ. ಮೆಷಿನ್ ಪಕ್ಕದ ಬುಟ್ಟಿಯಲ್ಲಿ ಏನಿದೆ ಎಂದು ಒಮ್ಮೆ ನೋಡಿ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಹೆರಿಗೆ ಆಸ್ಪತ್ರೆಯೊಂದರ ಮೆಟ್ಟಿಲ ಬಳಿ ಒಬ್ಬರು ಅಜ್ಜಿ ತಮ್ಮ ಸೀರೆಯ ಸೆರಗನ್ನೇ ಹರಿದು ಮೊಮ್ಮಗುವಿಗೆಂದು ಮಡಚುತ್ತಿದ್ದರು. ನಡುರಾತ್ರಿ ನೋವು ಬಂದು ಊರಿಂದ ಹೊರಟವರ ಚೀಲದಲ್ಲಿ ಒಂದು ಟವೆಲ್ ಇದ್ದರೆ ಹೆಚ್ಚು. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ಹೀಗೆ ಬರುತ್ತಾರೆ. ಆಗ ತಾನೇ ಹುಟ್ಟಿದ ಮಗುವಿನ ಮೈ ಒದ್ದೆ, ಬಿಸಿ ಬೇಗ ಆರಿಹೋಗುತ್ತದೆ. ತೂಕ ಕಡಿಮೆಯ ಮಗುವಾದರೆ ಇನ್ನೂ ಬೇಗ. ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ, ತಲೆಗೊಂದು ಕುಲಾವಿ ಹಾಕುವುದು ಮೊದಲ ಆರೈಕೆ.

ಕುಲಾವಿಗೆ ಲೈನಿಂಗ್ ಕಾಟನ್ನಿನ ತುಂಡು ಸಾಕು. ಕೂಸಿನ ಮೇಲಂಗಿಗೆ, ಅಂದರೆ ಜಬಲಕ್ಕೆ, ಹಳೆಯ ಪಂಚೆಯಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ನೂರು ಸಲ ಒಗೆದು ಮೆತ್ತಗಾಗಿರುತ್ತದೆ. ಒಂದು ಪಂಚೆಯಲ್ಲಿ ಹಲವು ಜಬಲ ಏಳುತ್ತವೆ. ಗುಂಡಿ, ಹುಕ್ಕು ಬೇಡ, ಕಟ್ಟುದಾರ ಇರಲಿ. ಹೊಲಿಗೆಯ ಅಂಚು ಹೊರಮುಖವಾಗಿರಲಿ, ಒಳಗಿದ್ದರೆ ಮಗುವಿನ ಮೈಗೆ ಉಜ್ಜುತ್ತದೆ. ಗಂಜಿ ಹಾಕದೆ ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಒಂದು ಮಾತು: ಬ್ಲೌಸಿನಲ್ಲಿ ಉಳಿದ ತುಂಡು ಗಿರಾಕಿಯದು. ‘ಕೂಸುಗಳಿಗೆ ಕುಲಾವಿ ಹೊಲೀತೀನಿ, ಇಟ್ಕೊಳ್ಲಾ?’ ಎಂದು ಕೇಳಿಯೇ ಇಟ್ಟುಕೊಳ್ಳಿ. ಬೇಡ ಅನ್ನುವವರು ಕಡಿಮೆ. ಮನೆಯಿಂದ ಹಳೇ ಪಂಚೆ ತಂದುಕೊಡುವವರೂ ಸಿಗುತ್ತಾರೆ.

ಯಜಮಾನರಿಗೂ ಒಂದು ದಾರಿಯಿದೆ. ದಾನಿಗೆ ದುಡ್ಡು ಕೊಟ್ಟು ರಕ್ತ ಪಡೆಯುವುದು ನಮ್ಮ ದೇಶದಲ್ಲಿ 1998ರಿಂದ ನಿಷಿದ್ಧ. ಹಾಗಾಗಿ ಆಸ್ಪತ್ರೆಯ ರಕ್ತನಿಧಿಗೆ ಬರುವುದೆಲ್ಲ ಯಾರೋ ದುಡ್ಡು ಪಡೆಯದೆ ತೋಳು ಚಾಚಿದ್ದು. ವಯಸ್ಸು 18 ದಾಟಿ, ತೂಕ 45 ಕಿಲೊ, ಹಿಮೊಗ್ಲೋಬಿನ್ 12.5 ಇದ್ದು ಆರೋಗ್ಯವಾಗಿದ್ದರೆ ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೇ ಕೇಳಿದರಾಯಿತು. ನಿಮ್ಮ ಹಿಮೊಗ್ಲೋಬಿನ್ ಕಡಿಮೆ ಎಂದರೆ ಬೇಜಾರಾಗಬೇಡಿ, ಮೊದಲು ಸೊಪ್ಪು, ಕಾಳು, ರಾಗಿ ನಿಮ್ಮ ತಟ್ಟೆಗೆ ಬರಲಿ. ಮನೆಮಂದಿಗೆಲ್ಲ ಬಡಿಸಿ ತಳದ್ದು ಉಣ್ಣುವ ಅಭ್ಯಾಸ ನಿಮಗೂ ಇದ್ದೀತು ಎಂಬ ಅನುಮಾನದಿಂದ ಹೇಳುತ್ತಿದ್ದೇನೆ.

ನಿಂತುಹೋದ ಆ ನೂರು ರೂಪಾಯಿ ಸದ್ಯಕ್ಕೆ ನಿಂತೇ ಇರಲಿ. ಕೈ ಸ್ವಲ್ಪ ಸಡಿಲಾದ ಮೇಲೆ, ವಾರಕ್ಕೆ ಒಂದು ಬ್ಲೌಸಿನ ಕೂಲಿಯಿಂದ ಹತ್ತು ರೂಪಾಯಿಯನ್ನು ಡಬ್ಬಿಗೆ ಹಾಕಿಟ್ಟರೂ ನಡೆದೀತು. ಅದಕ್ಕೆ ಮೊದಲು ಒಂದು ಮಧ್ಯಾಹ್ನ ಹೆರಿಗೆ ವಾರ್ಡಿಗೆ ಹೋಗಿ ಅಲ್ಲಿನ ಹಿರಿಯ ನರ್ಸನ್ನು ಕಾಣಿ. ಮನೆಯಲ್ಲಿ ಹೊಲಿದದ್ದನ್ನು ತೆಗೆದುಕೊಳ್ಳುತ್ತಾರಾ, ಕುಲಾವಿ ಬೇಕಾ ಜಬಲವಾ, ಯಾವ ಅಳತೆಯದು ಎಂದು ಕೇಳಿ. ಟೇಪು ಜೊತೆಗಿರಲಿ.