ಲಿವರ್ ಬಿಟ್ಟರೂ ವೀಡರ್ ನಿಲ್ಲುತ್ತಿಲ್ಲವಾ? ಮೊದಲು ಬೆಲ್ಟಿನ ಸಂದು ನೋಡಿ

ಗದಗ ಕಡೆಯ ಅಣ್ಣ ಎರಡು ತೊಂದರೆ ಹೇಳಿದ್ದಾರೆ. ಕ್ಲಚ್ ಲಿವರ್ ಬಿಟ್ಟರೂ ಪವರ್ ವೀಡರ್ (ಕಳೆ ತೆಗೆಯುವ ಎಂಜಿನ್ ಗಾಡಿ) ಮೆಲ್ಲಗೆ ಮುಂದಕ್ಕೆ ಹೋಗುತ್ತದೆ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಸ್ವಲ್ಪ ಆಳ ಬಿಟ್ಟರೆ ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಬ್ಲೇಡ್ ನಿಂತು ಎಂಜಿನ್ ಮಾತ್ರ ಓಡುತ್ತದೆ. ಅದಕ್ಕೆ ನಾಲ್ಕೈದು ಜನ "ವೈರ್ ಬಿಗಿ ಮಾಡಿ" ಅಂದಿದ್ದಾರೆ. ಅಣ್ಣಾ, ದಯವಿಟ್ಟು ಮೊದಲೇ ಆ ಕ್ಲಚ್ ಲಿವರಿನ ವೈರಿಗೆ ಕೈ ಹಾಕಬೇಡಿ. ಬಿಗಿ ಮಾಡಿದರೆ ಜಾರೋದು ಕಡಿಮೆ ಆಗಬಹುದು, ಆದರೆ ಗಾಡಿ ತಾನೇ ಹೋಗೋದು ಇನ್ನೂ ಜಾಸ್ತಿ ಆಗುತ್ತದೆ.

ಬ್ಯಾಡಗಿ ಹತ್ತಿರದ ನಮ್ಮ ಹೊಲದಲ್ಲಿ ಹೋದ ವರ್ಷ ಆಗಿದ್ದು ಇದೇ. ಮೆಣಸಿನ ಸಸಿ ನಾಟಿ ಮಾಡಿ ಮೂರು ವಾರ ಆಗಿತ್ತು. ಸಾಲಿನ ಕೊನೆಗೆ ಬಂದು ತಿರುಗಿಸೋಣ ಅಂತ ಲಿವರ್ ಬಿಟ್ಟೆ, ಗಾಡಿ ನಿಲ್ಲಲಿಲ್ಲ. ಪಕ್ಕದ ಸಾಲಿನ ಎಂಟು ಹತ್ತು ಸಸಿ ಕಿತ್ತು ಬಂದವು. ತಮ್ಮ ಎದುರಿಗೇ ನಿಂತಿದ್ದ, ಅವನ ಕಾಲಿಗೂ ಬ್ಲೇಡಿಗೂ ಒಂದು ಗೇಣು ಇತ್ತು. ಹಿಂದಿನ ದಿನವೇ ನಾನು ವೈರ್ ಬಿಗಿ ಮಾಡಿದ್ದೆ. ಸಸಿ ಮತ್ತೆ ಹಚ್ಚಬಹುದು, ಕಾಲು ಹಚ್ಚಲು ಬರುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮದು ಬೆಲ್ಟ್ ಕ್ಲಚ್ ಗಾಡಿ. ಒಳಗೆ ಬೇರೆ ಕ್ಲಚ್ ಪ್ಲೇಟ್ ಇಲ್ಲ, ಬೆಲ್ಟೇ ಕ್ಲಚ್. ಲಿವರ್ ಹಿಡಿದರೆ ವೈರ್ ಎಳೆದು ಐಡ್ಲರ್ ಅನ್ನುವ ಸಣ್ಣ ಗಾಲಿ ಬೆಲ್ಟಿನ ಬೆನ್ನನ್ನು ಒತ್ತುತ್ತದೆ, ಬೆಲ್ಟ್ ಬಿಗಿಯಾಗಿ ಗಾಡಿ ಹೋಗುತ್ತದೆ. ಬಿಟ್ಟರೆ ಬೆಲ್ಟ್ ಸಡಿಲ ಆಗುತ್ತದೆ. ಆದರೆ ಸಡಿಲ ಆದರಷ್ಟೇ ಸಾಲದು, ಎಂಜಿನ್ ಪುಲ್ಲಿಯಿಂದ ಎದ್ದು ನಿಲ್ಲಬೇಕು. ಹಾಗೆ ಎದ್ದು ನಿಲ್ಲುವಂತೆ ಮಾಡುವುದು ಪುಲ್ಲಿಯ ಸುತ್ತ ಇರುವ ಬಗ್ಗಿಸಿದ ಕಂಬಿ, ಅಂದರೆ ಬೆಲ್ಟ್ ಗೈಡ್. ಹೊರಗೆ ಉಬ್ಬಲು ಹೋದ ಬೆಲ್ಟನ್ನು ಅದು ತಡೆಯುತ್ತದೆ, ಆಗ ಬೆಲ್ಟ್ ಗ್ರೂವ್ ಬಿಟ್ಟು ಮೇಲೆ ಬರುತ್ತದೆ. ಕಂಬಿ ದೂರ ಇದ್ದರೆ ಬೆಲ್ಟ್ ಪುಲ್ಲಿಯನ್ನು ಉಜ್ಜುತ್ತಲೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ. ತೀರಾ ಹತ್ತಿರ ಇದ್ದರೆ ಓಡುವಾಗ ಬೆಲ್ಟಿನ ಬೆನ್ನು ಕಂಬಿಗೆ ತಾಗಿ ಸುಡುತ್ತದೆ. ನಿಮ್ಮ ಎರಡೂ ತೊಂದರೆಗೆ ಬೆಲ್ಟಿಗೂ ಕಂಬಿಗೂ ನಡುವಿನ ಈ ಸಂದು ನೋಡದೆ ಪರಿಹಾರ ಸಿಗುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಎಂಜಿನ್ ಆರಿಸಿ ತಣ್ಣಗಾಗಲು ಬಿಡಿ. ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತು ಪಕ್ಕಕ್ಕೆ ಕಟ್ಟಿ. ಆಮೇಲೆ ಬೆಲ್ಟ್ ಕವರ್ ತೆಗೆಯಿರಿ. ಒಳಗೆ ಕರಿ ಪುಡಿ ಬಿದ್ದಿದ್ದರೆ ಬೆಲ್ಟ್ ಎಲ್ಲೋ ಉಜ್ಜುತ್ತಿದೆ. ಬೆಲ್ಟಿನ ಎರಡು ಪಕ್ಕಗಳನ್ನು ಬೆರಳಿನಿಂದ ಸವರಿ ನೋಡಿ. ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿದ್ದರೆ ಆ ಬೆಲ್ಟ್ ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ, ಹೊಸದು ಹಾಕಿ. ಪುಲ್ಲಿಯ ತಳ ಹೊಳೆಯುತ್ತಿದೆಯಾ ಅಂತಲೂ ನೋಡಿ. ವಿ ಬೆಲ್ಟ್ ಹಿಡಿಯುವುದು ಪಕ್ಕಗಳಿಂದ, ತಳಕ್ಕೆ ತಾಗಬಾರದು. ತಾಗುತ್ತಿದ್ದರೆ ಬೆಲ್ಟ್ ಸವೆದಿದೆ, ಇಲ್ಲವೇ ಪುಲ್ಲಿ ಸವೆದಿದೆ.

ಹೊಸ ಬೆಲ್ಟ್ ತರುವಾಗ ಹಳೆಯದರ ಮೇಲಿನ ನಂಬರ್ ಬರೆದುಕೊಂಡು ಹೋಗಿ. ಎ ಬೆಲ್ಟಿನ ಮೇಲ್ಭಾಗ 13 ಮಿ.ಮೀ ಅಗಲ, ಬಿ ಬೆಲ್ಟಿನದು 17. ನಂಬರಿನಲ್ಲಿ ಎ ಅಥವಾ ಬಿ ಅಕ್ಷರದ ಮುಂದಿನ ಅಂಕಿ ಸಾಮಾನ್ಯವಾಗಿ ಇಂಚಿನಲ್ಲಿ ಉದ್ದ. "ಒಂದು ಇಂಚು ಹೆಚ್ಚು ಕಡಿಮೆ ಇದ್ದರೆ ನಡೀತದೆ" ಅಂತ ಯಾರಾದರೂ ಕೊಟ್ಟರೆ ತಗೋಬೇಡಿ. ಬೇರೆ ಗಾಡಿಗೆ ನಡೆಯಬಹುದು, ಬೆಲ್ಟ್ ಕ್ಲಚ್ಚಿಗೆ ನಡೆಯುವುದಿಲ್ಲ. ಎರಡು ಬೆಲ್ಟ್ ಇರುವ ಗಾಡಿಯಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಈಗ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯಾ ನೋಡಿ. ಎರಡೂ ಪುಲ್ಲಿಗಳ ಪಕ್ಕಕ್ಕೆ ಒಂದು ನೂಲು ಎಳೆದು ಹಿಡಿಯಿರಿ. ಪುಲ್ಲಿಗಳ ಅಂಚು ಒಂದೇ ದಪ್ಪ ಇದ್ದರೆ ನೂಲು ನಾಲ್ಕು ಕಡೆ ತಾಗಬೇಕು. ತಾಗದಿದ್ದರೆ ಎಂಜಿನ್ ಬೋಲ್ಟ್ ಸಡಿಲಿಸಿ ಸರಿಸಿ.

ವೈರಿನ ಸರದಿ ಈಗ. ಲಿವರ್ ಬಿಟ್ಟಾಗ ವೈರಿನಲ್ಲಿ 2ರಿಂದ 3 ಮಿ.ಮೀ ಸಡಿಲ ಇರಲಿ. ಸುಮ್ನೆ ನಿಂತಾಗಲೇ ವೈರ್ ಬಿಗಿಯಾಗಿದ್ದರೆ ಐಡ್ಲರ್ ಯಾವಾಗಲೂ ಬೆಲ್ಟನ್ನು ಒತ್ತುತ್ತಿರುತ್ತದೆ. ನಂತರ ಲಿವರ್ ಪೂರ್ತಿ ಹಿಡಿದು ವೈರಿನ ತುದಿಯ ಸ್ಪ್ರಿಂಗ್ ನೋಡಿ. ಸುರುಳಿಗಳ ನಡುವೆ ಸಣ್ಣಗೆ ಬೆಳಕು ಕಾಣಬೇಕು. ಕಾಣದಿದ್ದರೆ ಬಿಗಿ ಸಾಲದು. ಸ್ಪ್ರಿಂಗ್ ಪೂರ್ತಿ ಎಳೆದು ಹೋಗಿದ್ದರೆ ಬೇರಿಂಗ್ ಕೆಡುತ್ತದೆ.

ಗೈಡ್ ಹೊಂದಿಸುವುದು ಇದೆಲ್ಲ ಆದ ಮೇಲೆ, ಲಿವರ್ ಹಿಡಿದೇ ಇರುವಾಗ. ಲಿವರನ್ನು ಹ್ಯಾಂಡಲ್ ಜೊತೆ ಹಗ್ಗದಿಂದ ಕಟ್ಟಿದರೆ ಎರಡೂ ಕೈ ಖಾಲಿ ಇರುತ್ತವೆ. ಅಳತೆಗೆ ನಾನು ಸೈಕಲ್ ಸ್ಪೋಕ್ ಇಟ್ಟುಕೊಂಡಿದ್ದೇನೆ. ಸಾದಾ ಸ್ಪೋಕ್ 2 ಮಿ.ಮೀ ದಪ್ಪ. ಬೆಲ್ಟಿನ ಬೆನ್ನಿಗೂ ಕಂಬಿಗೂ ನಡುವೆ ಒಂದು ಸ್ಪೋಕ್ ಸಲೀಸಾಗಿ ಹೋಗಬೇಕು, ಎರಡು ಜೋಡಿಸಿದರೆ ಹೋಗಬಾರದು. ಒಂದೇ ಕಡೆ ನೋಡಿ ಬಿಡಬೇಡಿ, ಕಂಬಿಯ ಉದ್ದಕ್ಕೂ ಸ್ಪೋಕ್ ಓಡಿಸಿ. ನಮ್ಮ ಗಾಡಿಯಲ್ಲಿ ಕಂಬಿಯ ಒಂದು ತುದಿ ಸರಿ ಇತ್ತು, ಇನ್ನೊಂದು ತುದಿಯಲ್ಲಿ ಕಿರುಬೆರಳು ಹೋಗುವಷ್ಟು ಜಾಗ ಇತ್ತು. ಬೋಲ್ಟ್ ಸಡಿಲಿಸಿ ಸರಿಪಡಿಸಿದೆ. ಬೋಲ್ಟ್ ಬಿಗಿ ಮಾಡುವಾಗ ಕಂಬಿ ಸ್ವಲ್ಪ ತಿರುಗುತ್ತದೆ, ಆದ್ದರಿಂದ ಕೊನೆಗೆ ಇನ್ನೊಮ್ಮೆ ಅಳೆಯಿರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ಸರಿ ಆಗಿದೆಯಾ ನೋಡಲು ಎಂಜಿನ್ ಚಾಲೂ ಮಾಡಬೇಕಿಲ್ಲ. ಲಿವರಿಗೆ ಕಟ್ಟಿದ ಹಗ್ಗ ಬಿಚ್ಚಿ, ಪ್ಲಗ್ ಟೋಪಿ ಹಾಕದೆ, ಒಬ್ಬರು ಸ್ಟಾರ್ಟರ್ ಹಗ್ಗ ನಿಧಾನ ಎಳೆಯಲಿ. ಇನ್ನೊಬ್ಬರು ಕೈ ದೂರ ಇಟ್ಟು ನೋಡಲಿ. ಎಂಜಿನ್ ಪುಲ್ಲಿ ತಿರುಗಬೇಕು, ಬೆಲ್ಟ್ ಅಲುಗಬಾರದು. ಆಮೇಲೆ ಕವರ್ ಹಾಕಿ ಖಾಲಿ ಜಾಗದಲ್ಲಿ ಓಡಿಸಿ ನೋಡಿ. ಕವರ್ ಇಲ್ಲದೆ ಎಂಜಿನ್ ಚಾಲೂ ಮಾಡಲೇಬೇಡಿ, ಪಂಚೆ ಉಟ್ಟು ಹತ್ತಿರ ಹೋಗಬೇಡಿ.

ಹೊಸ ಬೆಲ್ಟ್ ಮೊದಲ ಕೆಲವು ತಾಸಿನಲ್ಲಿ ಸ್ವಲ್ಪ ಹಿಗ್ಗುತ್ತದೆ. ಒಂದು ದಿನ ಎಡೆ ಹೊಡೆದ ಮೇಲೆ ವೈರ್, ಸಂದು ಎರಡನ್ನೂ ಮತ್ತೆ ನೋಡಿ. ಇನ್ನು ಎರಿ ನೆಲ ಹಸಿ ಇದ್ದಾಗ ಇಳಿಸಬೇಡಿ. ಮಣ್ಣು ಬ್ಲೇಡಿಗೆ ಮುದ್ದೆಯಾಗಿ ಅಂಟಿ ಹೊಸ ಬೆಲ್ಟನ್ನೂ ಜಾರಿಸುತ್ತದೆ. ಹದ ಬರಲಿ, ಎರಡು ದಿನ ಕಾಯಿರಿ.

ಲಿವರ್ ಕಟ್ಟಿ, ಗೈಡ್ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ ಅಣ್ಣಾ. ಬೆಲ್ಟಿನ ನಂಬರನ್ನೂ ಬರೆಯಿರಿ. ರಾತ್ರಿ ನೋಡಿ ಹೇಳುತ್ತೇನೆ.